ಕುಡಿಯದೆ ಕೆಳಗಿಟ್ಟ ಕಾಫಿ

ರುಬಾ ಬೆಳಿಗ್ಗೆ ಎದ್ದವಳೇ, ಮುಖ ಕೂಡ ತೊಳೆಯದೆ, ದಿನಚರಿಯಲ್ಲಿ ಬರೆದುಕೊಂಡಳು: 'ಇನ್ನೂ ಹೇಳಿಲ್ಲ. ಮೂರು ವಾರವಾಯಿತು. ಇವತ್ತೂ ಹೇಳದಿದ್ದರೆ ಆಮೇಲೆ ಹೇಳುವುದಕ್ಕೇ ಏನೂ ಉಳಿದಿರುವುದಿಲ್ಲ.'

ಬರೆದದ್ದನ್ನು ಇನ್ನೊಮ್ಮೆ ಓದಿದಳು. ಯಾರಾದರೂ ಕದ್ದು ಓದಿದರೆ ಏನೋ ಪ್ರೇಮಪ್ರಕರಣ ಎಂದುಕೊಂಡಾರು ಅನ್ನಿಸಿ, ಕೆಳಗೆ ಚಿಕ್ಕದಾಗಿ 'ಅರ್ಜಿಯ ವಿಷಯ' ಎಂದು ಸೇರಿಸಿದಳು. ಅವಳ ಸಂಕೋಚ ಆ ಮಟ್ಟದ್ದು. ತನ್ನ ದಿನಚರಿಯೆದುರಿಗೂ ತಲೆ ತಗ್ಗಿಸಿಯೇ ಕೂರುವವಳು.

ವಿಷಯ ಇಷ್ಟು. ಜೋರ್ಡಾನಿನ ದಕ್ಷಿಣದ ಗುಡ್ಡಸೀಮೆಯ ಒಂದು ಸಣ್ಣ ವಿಶ್ವವಿದ್ಯಾಲಯದಲ್ಲಿ, ವಿದೇಶ ಸಂಬಂಧಗಳ ಕಚೇರಿಯಲ್ಲಿ, ರುಬಾ ಮೂರು ವರ್ಷದಿಂದ ತಾತ್ಕಾಲಿಕ ನೌಕರಿಯಲ್ಲಿದ್ದಳು. ಪೋಲೆಂಡಿನ ಒಂದು ವಿಶ್ವವಿದ್ಯಾಲಯದೊಂದಿಗೆ ಅವರದೊಂದು ಐದು ವರ್ಷದ ಒಪ್ಪಂದವಿತ್ತು. ಬಂಡೆಯಲ್ಲಿ ಕೊರೆದ ಹಳೆಯ ಮಳೆನೀರಿನ ತೊಟ್ಟಿಗಳನ್ನು ಎರಡೂ ಕಡೆಯವರು ಕೂಡಿ ಅಭ್ಯಾಸ ಮಾಡುವುದು, ಅಲ್ಲಿಯವರು ಇಲ್ಲಿಗೆ ಇಲ್ಲಿಯವರು ಅಲ್ಲಿಗೆ ಹೋಗಿಬರುವುದು. ಆ ಐದು ವರ್ಷ ಇವತ್ತಿಗೆ ಮುಗಿಯುತ್ತಿತ್ತು. ನವೀಕರಣಕ್ಕೆ ಸಹಿ ಬಿದ್ದರೆ ಸೆಪ್ಟೆಂಬರಿನಲ್ಲಿ ಇಲ್ಲಿಯ ಪದವೀಧರರೊಬ್ಬರು ಎಂ.ಎಸ್ಸಿ. ಓದಲು ಪೋಲೆಂಡಿಗೆ ಹೋಗಬಹುದು. ಅರ್ಜಿಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಆರಿಸುವವರು ಅಲ್ಲಿಯವರು, ಹೆಸರು ಹೊರಬೀಳುವುದು ಸಹಿಯಾದ ಮೇಲೆ. ಯಾವ ಸಂಖ್ಯೆ ಆಯ್ಕೆಯಾಗಿದೆ ಎಂಬ ಪತ್ರ ಮೂರು ವಾರದ ಹಿಂದೆ ಬಂತು. ಪತ್ರ ತೆರೆದವಳು ರುಬಾ. ಸಂಖ್ಯೆ ರುಬಾಳದು.

ಅವಳು ಆ ದಿನ ಯಾರಿಗೂ ಏನೂ ಹೇಳದೆ ಮೆಟ್ಟಿಲಿಳಿದು, ಸೈಕಲ್ ಸ್ಟ್ಯಾಂಡಿನ ಹಿಂದೆ ನಿಂತು, ಎರಡು ನಿಮಿಷ ಗೋಡೆ ನೋಡಿ ನಕ್ಕು, ಮತ್ತೆ ಮೇಲೆ ಬಂದು ಪತ್ರವನ್ನು ಕಡತಕ್ಕೆ ಸೇರಿಸಿದ್ದಳು. ನೌಕರಿಯಲ್ಲಿರುವವರು ಹೋಗಬೇಕಾದರೆ ನಿರ್ದೇಶಕರ ಒಪ್ಪಿಗೆ ಬೇಕು. ಒಪ್ಪಿಗೆ ಬೇಕಾದರೆ ಕೇಳಬೇಕು. ಕೇಳುವುದು ಅವಳಿಂದ ಆಗುತ್ತಿರಲಿಲ್ಲ.

ಇನ್ನೊಬ್ಬರ ಮಾತನ್ನು ಹೇಳುವುದಾದರೆ ಅವಳಷ್ಟು ಧೈರ್ಯಸ್ಥೆ ಇಲ್ಲ. ಅತಿಥಿಗಳು ಬಂದಾಗಲೆಲ್ಲ ಅನುವಾದಕ್ಕೆ ಅವಳೇ. ಇಂಗ್ಲಿಷು ಕಿವಿಗೆ ಬಿದ್ದರೆ ಸಾಕು, ಅರಬ್ಬಿ ಬಾಯಿಂದ ಬರುತ್ತಿತ್ತು, ನಲ್ಲಿ ತಿರುಗಿಸಿದ ಹಾಗೆ. ತನ್ನದೇ ಒಂದು ವಾಕ್ಯ ಹೇಳಬೇಕೆಂದಾಗ ಮಾತ್ರ ನಲ್ಲಿ ಒಣಗಿಹೋಗುತ್ತಿತ್ತು.

ಎಂಟೂವರೆಗೆ ಕಚೇರಿ ಸೇರಿದಾಗ ನಿರ್ದೇಶಕ ಡಾ. ಹಿಕ್ಮತ್ ಆಗಲೇ ಬೆವರುತ್ತಿದ್ದರು. ದುಂಡನೆಯ ಮನುಷ್ಯ, ಒಳ್ಳೆಯ ಜೀವ.

"ದಕ್ತೂರ್, ಒಂದು ಮಾತು..." ಅಂದಳು ರುಬಾ.

"ಸಮಸ್ಯೆ ಏನೂ ಇಲ್ಲ ರುಬಾ," ಅಂದರು ಹಿಕ್ಮತ್. ಅವರು ಹಾಗಂದರೆ ದೊಡ್ಡ ಸಮಸ್ಯೆಯೇ ಇದೆ ಎಂದರ್ಥ. "ಕುಲಪತಿಗಳು ಇವತ್ತು ಸಹಿ ಹಾಕಲ್ವಂತೆ."

ರುಬಾಳ ಕೈಯಲ್ಲಿದ್ದ ಕಡತ ತಾನಾಗಿಯೇ ಎದೆಗೆ ಒತ್ತಿಕೊಂಡಿತು. "ಯಾಕೆ?"

"ಮೇಲಿನ ಕಚೇರಿ ನಮೂನೆ ನೋಡಿದ್ದೀಯಲ್ಲ? 'ಈ ವರ್ಷ ಮಾಡಿಕೊಂಡ ಹೊಸ ಒಪ್ಪಂದಗಳು' ಅಂತ ಒಂದು ಕಲಂ ಇದೆ. ಹಳೇದನ್ನ ಉಳಿಸಿಕೊಂಡಿದ್ದಕ್ಕೆ ಕಲಂ ಇಲ್ಲ. ಇರೋ ಹೆಂಡತಿ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ್ದಕ್ಕೆ ಯಾರಾದರೂ ಊಟ ಹಾಕಿಸ್ತಾರಾ? ಮದುವೆಗೆ ತಾನೆ ಊಟ? ಇದನ್ನ ಬಿಟ್ಟು ಬೇರೆ ಇನ್ನೆರಡು ದೇಶದವರ ಜೊತೆ ಹೊಸದಾಗಿ ಮಾಡೋಣ ಅಂತಾರೆ."

"ಆದರೆ ಪ್ರೊಫೆಸರ್ ಬೊಗುಮಿಲಾ ದಾರೀಲಿದ್ದಾರೆ. ಅಮ್ಮಾನ್ ಬಿಟ್ಟಾಯ್ತು."

"ಬರಲಿ. ಕಾಫಿ ಕೊಡೋಣ, ಕುರಿಮಾಂಸದ ಮನ್ಸಫ್ ಬಡಿಸೋಣ, ಒಂದು ಫಲಕ ಕೊಟ್ಟು ಕಳಿಸೋಣ. 'ಸಮಿತಿ ಪರಿಶೀಲಿಸುತ್ತೆ' ಅಂದರಾಯ್ತು."

ಸಮಿತಿ ಎಂದರೇನೆಂದು ರುಬಾಳಿಗೆ ಗೊತ್ತಿತ್ತು. ಅಲ್ಲಿಗೆ ಹೋದ ಕಡತ ವಾಪಸು ಬಂದದ್ದಿಲ್ಲ. ಹೊರಗಿನ ಪಡಸಾಲೆಯ ಗೋಡೆಯ ತುಂಬ ಗಾಜು ಹಾಕಿದ ಚಿತ್ರಗಳಿದ್ದವು: ಕುಲಪತಿಗಳು ಕೈಕುಲುಕುತ್ತಿರುವುದು, ಇಬ್ಬರ ನಡುವೆ ಎರಡು ಪುಟ್ಟ ಬಾವುಟ. ಒಟ್ಟು ಅರವತ್ತೊಂದು ಒಪ್ಪಂದ. ಅದರಲ್ಲಿ ಉಸಿರಾಡುತ್ತಿದ್ದದ್ದು ಇದೊಂದೇ.

"ಅದು ಬಿಡು, ನೀನು ಏನೋ ಹೇಳೋಕೆ ಬಂದೆ?"

ರುಬಾ ಬಾಯಿ ತೆರೆದಳು. "ಅದು... ಆ ಅರ್ಜಿ..."

"ಅವಳೇನು ಹೇಳ್ತಾಳೆ ದಕ್ತೂರ್, ಹಸೀ ಮಣ್ಣಿನ ಗೊಂಬೆ!" ಎದುರು ಮೇಜಿನಿಂದ ಉಮ್ಮ್ ಕುಸೈ ನುಗ್ಗಿದಳು. ಉಮ್ಮ್ ಕುಸೈ ಎಂದರೆ ಕುಸೈಯ ತಾಯಿ, ಮಗನ ಹೆಸರಿನಿಂದಲೇ ಎಲ್ಲರೂ ಕರೆಯುತ್ತಿದ್ದರು. ಕಚೇರಿಯ ಮೊಹರು ಆಕೆಯ ವಶದಲ್ಲಿತ್ತು, ಊರಿನ ಸುದ್ದಿಯೂ. "ನನ್ನನ್ನ ಕೇಳಿ. ಸಭಾಂಗಣದಲ್ಲಿ ಏಸಿ ಕೆಟ್ಟಿದೆ. ಹಾಜಿ ಮುತ್ಲಕ್ ಬೇರೆ ಬರ್ತಾ ಇದ್ದಾರೆ. ಹಿರಿಯರನ್ನ ಆ ಬಾಣಲೇಲಿ ಹುರೀತೀರಾ? ಹುಲ್ಲಿನ ಮೇಲೆ ಗುಡಾರ ಹಾಕಿಸಿ. ದಿಂಬು, ಕಂಬಳಿ, ಕಾಫಿ. ವಿದೇಶದವರಿಗೂ ಅದೇ ಇಷ್ಟ."

ಹಿಕ್ಮತ್ ಗುಡಾರ ಹಾಕಿಸಲು ಓಡಿದರು. ಅರ್ಜಿಯ ಮಾತು ಮತ್ತೆ ರುಬಾಳ ಗಂಟಲೊಳಗೇ ಇಳಿಯಿತು.

ಹನ್ನೊಂದಕ್ಕೆ ಕಾರು ಬಂತು. ಬೊಗುಮಿಲಾ ದೀಪದ ಕಂಬದಷ್ಟು ಎತ್ತರದ, ಅರವತ್ತು ದಾಟಿದ ಹೆಂಗಸು. ಕಾಲಲ್ಲಿ ಗುಡ್ಡ ಹತ್ತುವ ಬೂಟು. ಮೂರು ವರ್ಷ ಪತ್ರದಲ್ಲಿ ಮಾತ್ರ ಕಂಡಿದ್ದ ಹುಡುಗಿಯನ್ನು ಮೇಲಿಂದ ಕೆಳಗಿನ ತನಕ ನೋಡಿ ತಬ್ಬಿಕೊಂಡಳು. "ಪತ್ರಗಳಲ್ಲಿ ನೀನು ಇನ್ನೂ ಎತ್ತರ ಇದ್ದೆ," ಅಂದಳು. ಆಮೇಲೆ ಕಿವಿಯ ಹತ್ತಿರ ಬಗ್ಗಿ, "ಸಹಿ ಆಗುತ್ತಲ್ಲ? ಇದು ನಿಂತುಹೋದರೆ ನಮ್ಮ ಕಡೆಯವರು ಇನ್ನೊಂದು ಸಲ ಶುರು ಮಾಡೋಕೆ ಬಿಡಲ್ಲ. ನನಗೆ ಇನ್ನು ಉಳಿದಿರೋದು ಐದು ವರ್ಷದ ನೌಕರಿ."

ರುಬಾ ತಲೆಯನ್ನು ಹೌದು ಎಂದೂ ಅಲ್ಲ ಎಂದೂ ಅರ್ಥವಾಗುವ ಹಾಗೆ ಆಡಿಸಿದಳು.

ಮೇಕೆಯ ಕೂದಲಿನ ಕಪ್ಪು ಗುಡಾರದಲ್ಲಿ ಎಪ್ಪತ್ತು ಜನ ಕೂತಿದ್ದರು. ಡೀನರು, ಪುರಸಭೆಯವರು, ಸುತ್ತಮುತ್ತಲ ಹಿರಿಯರು. ನಡುವೆ ಹಾಜಿ ಮುತ್ಲಕ್. ವಿಶ್ವವಿದ್ಯಾಲಯದ ಧರ್ಮದರ್ಶಿ ಮಂಡಳಿಯ ಅಧ್ಯಕ್ಷರು, ಎಂಬತ್ತರ ಹಿರಿಯ, ಮೇಲಾಗಿ ಕುಲಪತಿ ಡಾ. ಫವ್ವಾಜರ ಸೋದರಮಾವ. ಸೀಮೆಯಲ್ಲಿ ಕೊಲೆಯ ಹಗೆಗಳನ್ನೇ ಕೂತಲ್ಲಿ ಬಗೆಹರಿಸಿದವರು. ಅವರೆದುರು ಫವ್ವಾಜ್ ಕುಲಪತಿಯಲ್ಲ, ತಂಗಿಯ ಮಗ.

ಫವ್ವಾಜರ ಇಂಗ್ಲಿಷು ಕಾಗದದ ಮೇಲೆ ಸೊಗಸಾಗಿತ್ತು, ಕಿವಿಯಲ್ಲಿ ಅಷ್ಟಕ್ಕಷ್ಟೇ. ಅದಕ್ಕೆ ಅವರು ಅರಬ್ಬಿಯಲ್ಲೇ ಭಾಷಣ ಮಾಡಿದರು, ಅತಿಥಿಯ ಪಕ್ಕ ಕೂತ ರುಬಾ ಅನುವಾದಿಸಿದಳು. "ಈ ಹಳೆಯ ಸ್ನೇಹವನ್ನು ನಾವು ಎದೆಯಲ್ಲಿಟ್ಟುಕೊಳ್ಳುತ್ತೇವೆ," ಅಂದರು ಕುಲಪತಿ. ಬೊಗುಮಿಲಾಳ ಹುಬ್ಬು ಗಂಟಾಯಿತು. ಇಪ್ಪತ್ತೆಂಟು ವರ್ಷ ಈ ಕೆಲಸ ಮಾಡಿದವಳು, ಎದೆಯಲ್ಲಿಟ್ಟುಕೊಂಡದ್ದು ಕಾಗದದ ಮೇಲೆ ಬರುವುದಿಲ್ಲವೆಂದು ಅವಳಿಗೆ ತಿಳಿಯದೆ? "ಮುಂದಿನದನ್ನು ಸಮಿತಿಯೊಂದು ಪರಿಶೀಲಿಸಲಿದೆ," ಎಂದು ರುಬಾ ತನ್ನದೇ ಬಾಯಿಂದ, ಸ್ಪಷ್ಟವಾಗಿ, ತಪ್ಪಿಲ್ಲದೆ ಅನುವಾದಿಸಿದಳು. ಸೆಪ್ಟೆಂಬರು ಹೋಯಿತು. ಇನ್ನು ಹೇಳುವುದೂ ಬೇಕಾಗಿಲ್ಲ, ಎಂದುಕೊಂಡಳು. ಆ ಯೋಚನೆಯಲ್ಲಿ ಒಂದಿಷ್ಟು ನೆಮ್ಮದಿಯೂ ಇತ್ತೆಂದು ಅವಳಿಗೇ ಹೇಸಿಗೆಯಾಯಿತು.

ಕಾಫಿ ಬಂತು. ಎಡಗೈಯಲ್ಲಿ ಉದ್ದ ಕೊಕ್ಕಿನ ಹಿತ್ತಾಳೆ ಪಾತ್ರೆ ಹಿಡಿದವನು ಮೊದಲು ಅತಿಥಿಯ ಮುಂದೆ ಬಗ್ಗಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಎರಡು ಗುಟುಕಿನಷ್ಟು ಹೊಯ್ದು ಕೊಟ್ಟ. ಬೊಗುಮಿಲಾ ಎರಡೂ ಕೈ ಚಾಚಿ ತೆಗೆದುಕೊಂಡಳು. ಮೂಸಿದಳು. ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದಳು. ಆಮೇಲೆ ಬಟ್ಟಲನ್ನು ತುಟಿಗೆ ತಾಗಿಸದೆ, ತನ್ನ ಮುಂದೆ, ಕಂಬಳಿಯ ಮೇಲೆ ಇಟ್ಟಳು.

 ಕೆಮ್ಮುತ್ತಿದ್ದ ಒಬ್ಬರು ಕೆಮ್ಮನ್ನು ಅರ್ಧಕ್ಕೇ ನುಂಗಿದರು.

ಹೆಣ್ಣು ಕೇಳಲು ಬಂದವರ ಹಿರಿಯ ಹಾಗೆ ಬಟ್ಟಲು ಕೆಳಗಿಡುತ್ತಾನೆ. ಕೊಲೆಗೆ ಕ್ಷಮೆ ಕೇಳಲು ಬಂದವನು ಇಡುತ್ತಾನೆ. ಬಂದ ಕೆಲಸವಾಗುವ ತನಕ ನಿಮ್ಮ ಕಾಫಿ ಮುಟ್ಟುವುದಿಲ್ಲ ಎಂದರ್ಥ. ಮನೆಯವನು ಮಾತು ಕೊಟ್ಟರೆ ಕುಡಿಯುತ್ತಾನೆ. ಕುಡಿಯದೆ ಎದ್ದುಹೋದನೋ, ಮನೆಯವನ ಮುಖ ಮೂರು ತಲೆಮಾರು ಮೇಲೇಳುವುದಿಲ್ಲ. ಇಲ್ಲಿ ಗುಡಾರ ವಿಶ್ವವಿದ್ಯಾಲಯದ್ದು, ಕಾಫಿ ವಿಶ್ವವಿದ್ಯಾಲಯದ್ದು.

ಹಾಜಿ ಮುತ್ಲಕ್ ಬೆನ್ನು ನೆಟ್ಟಗೆ ಮಾಡಿ ಕೂತರು. ಅವರ ಕಣ್ಣಲ್ಲಿ ಹತ್ತು ವರ್ಷ ಕಡಿಮೆಯಾಯಿತು.

ರುಬಾ ಪಿಸುಗುಟ್ಟಿದಳು. "ಪ್ರೊಫೆಸರ್, ಕಾಫಿ..."

"ಹೊಟ್ಟೇಲಿ ಹುಣ್ಣು ರುಬಾ. ಡಾಕ್ಟರು ಒಂದು ಗುಟುಕೂ ಬೇಡ ಅಂದಿದ್ದಾರೆ. ನಿಮ್ಮಲ್ಲಿ ಬೇಡ ಅನ್ನೋದು ಅವಮಾನ ಅಂತ ಎಲ್ಲೋ ಓದಿದ್ದೆ. ಅದಕ್ಕೇ ತಗೊಂಡು, ಮರ್ಯಾದೆಯಿಂದ ಕೆಳಗಿಟ್ಟೆ. ಸರಿಯಾಯ್ತು ತಾನೆ?"

ಬೇಡ ಎಂದಿದ್ದರೆ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ಇನ್ನೊಬ್ಬರ ಮುಂದೆ ಹಿಡಿಯುತ್ತಿದ್ದರು, ಅಷ್ಟೆ. ರುಬಾ ಅದನ್ನು ಹೇಳುವಷ್ಟರಲ್ಲಿ ಹಿಕ್ಮತ್ ಮೊಣಕಾಲಿನ ಮೇಲೆ ತೆವಳುತ್ತ ಹಿಂದಿನಿಂದ ಬಂದಿದ್ದರು.

"ಏನಂತೆ? ಏನು ಬೇಕಂತೆ?"

"ಏನೂ ಬೇಡ ದಕ್ತೂರ್, ಅವರಿಗೆ..."

"ಏನೂ ಬೇಡದೆ ಯಾರಾದರೂ ಬಟ್ಟಲು ಕೆಳಗಿಡ್ತಾರಾ? ನನಗೆ ಗೊತ್ತಾಯ್ತು. ತೊಟ್ಟಿಗಳ ಮೂಲ ನಕ್ಷೆ ಕೇಳ್ತಾಳೆ. ನನ್ನ ಡ್ರಾಯರಿನಲ್ಲಿತ್ತು. ಮೊನ್ನೆ ಅದರ ಮೇಲೆ ಫಲಾಫೆಲ್ ಇಟ್ಟುಕೊಂಡು ತಿಂದಿದ್ದೀನಿ ರುಬಾ! ನಾನು ಸತ್ತೆ."

"ದಕ್ತೂರ್, ಸ್ವಲ್ಪ ಕೇಳಿ..."

"ಯಾವ ನಕ್ಷೆ ರೀ, ಹೆಣ್ಣು ಕೇಳೋಕೆ ಬಂದಿದ್ದಾಳೆ!" ಗುಡಾರದ ಪಕ್ಕದ ಪರದೆಯಿಂದ ಉಮ್ಮ್ ಕುಸೈಯ ತಲೆ ಮಾತ್ರ ಒಳಗೆ ಬಂದಿತ್ತು. "ಬಂದವಳೇ ಯಾರನ್ನ ತಬ್ಬಿಕೊಂಡಳು? ಇವಳನ್ನ. ಮೇಲಿಂದ ಕೆಳಗೆ ಯಾರನ್ನ ನೋಡಿದಳು? ಇವಳನ್ನ. ಅವಳಿಗೊಬ್ಬ ಮಗ ಇದ್ದಾನೆ ಅಂತ ನೀನೇ ಹೇಳಿದ್ದೆ ಕಣೇ."

"ಅವನಿಗೆ ಒಂಬತ್ತು ವರ್ಷದ ಮಗಳಿದ್ದಾಳೆ!"

"ಹಾಗಾದರೆ ಎರಡನೇ ಸಂಬಂಧ. ಬೇಡ ಅನ್ನು. ಅಯ್ಯೋ, ನಿಮ್ಮಮ್ಮನಿಗೆ ಆಗಲೇ ಹೇಳಿಬಿಟ್ಟೆನಲ್ಲ."

ರುಬಾಳ ಚೀಲದೊಳಗೆ ಫೋನು ಸಿಕ್ಕಿಬಿದ್ದ ಜೀರುಂಡೆಯ ಹಾಗೆ ಗುಂಯ್‌ಗುಟ್ಟತೊಡಗಿತು. ಕದ್ದು ನೋಡಿದಳು. ಅಮ್ಮ. 'ಇವತ್ತೇ ಮನೆಗೆ ಬರ್ತಾರಾ? ಪರದೆಯೆಲ್ಲ ಒಗೆಯಲು ಹಾಕಿದ್ದೀನಿ!' ಅದರ ಕೆಳಗೆ: 'ಹುಡುಗ ಮುಸಲ್ಮಾನನಾಗ್ತಾನಾ ಮೊದಲು ಕೇಳು.' ಅದರ ಕೆಳಗೆ, ಸ್ವಲ್ಪ ಹೊತ್ತು ಬಿಟ್ಟು: 'ಪೋಲೆಂಡ್ ಅಷ್ಟು ದೂರ ಏನಿಲ್ಲ ಅಂತಾರೆ ನಿಮ್ಮಪ್ಪ.'

ಫವ್ವಾಜರು ದೂರದಿಂದ ರುಬಾಳತ್ತ ಕಣ್ಣಲ್ಲೇ ಕೇಳುತ್ತಿದ್ದರು: ಏನು, ಏನು? ರುಬಾ ತಲೆಯಾಡಿಸಿದಳು: ಏನೂ ಇಲ್ಲ. ಏನೋ ಭಯಂಕರವಾದದ್ದೇ ಇದೆ, ಹುಡುಗಿ ಹೇಳಲು ಹೆದರುತ್ತಿದ್ದಾಳೆ ಎಂದು ಅವರು ಅರ್ಥಮಾಡಿಕೊಂಡರು. ಹಣೆ ಒರೆಸಿಕೊಂಡರು. ಹೊಸ ಪ್ರಯೋಗಾಲಯ ಕೇಳಿದರೆ? ಬಂಡೆ ತೊಟ್ಟಿಗಳನ್ನೇ ಕೇಳಿದರೆ? ಅತಿಥಿ ಮಾತ್ರ ಎಲ್ಲರ ಕಡೆ ನೋಡಿ ನಗುತ್ತ ಕೂತಿದ್ದಳು. ಆ ನಗು ನೋಡಿದಷ್ಟೂ ಡೀನರ ಮುಖ ಬಿಳಿಚುತ್ತಿತ್ತು. ಇಷ್ಟು ನೆಮ್ಮದಿಯಿಂದ ನಗುವವಳು ಸಣ್ಣದೇನೂ ಕೇಳಲಾರಳು.

ಬಟ್ಟಲಿನ ಮೇಲೆ ಒಂದು ನೊಣ ಸುತ್ತು ಹಾಕಿತು. ಎಪ್ಪತ್ತು ಜನ ಆ ನೊಣವನ್ನು ನೋಡಿದರು.

ಈಗ ಹೇಳಿಬಿಡಬೇಕು, ಅಂದುಕೊಂಡಳು ರುಬಾ. ಅವರಿಗೆ ಹೊಟ್ಟೆಹುಣ್ಣು, ಅಷ್ಟೇ. ಎಲ್ಲರೂ ನಗುತ್ತಾರೆ, ಮುಗಿಯುತ್ತದೆ. ಉಸಿರು ಎಳೆದುಕೊಂಡಳು. ಹೊರಗೆ ಬಿಡುವಷ್ಟರಲ್ಲಿ ಹಾಜಿ ಮುತ್ಲಕರ ದನಿ ಗುಡಾರದ ತುಂಬ ಹರಡಿತು.

"ಮಗಳೇ, ದೂರದಿಂದ ಬಂದಿದ್ದೀಯ. ನಮ್ಮ ಪದ್ಧತಿ ತಿಳಿದುಕೊಂಡು ಬಂದಿದ್ದೀಯ. ಈಗಿನ ನಮ್ಮ ಹುಡುಗರಿಗೇ ಇದು ಮರೆತುಹೋಗಿದೆ, ಬಟ್ಟಲು ಕೈಗೆ ಬರೋ ಮುಂಚೆ ಗುಟುಕರಿಸ್ತಾರೆ. ಕುಡಿ. ನೀನು ಬಂದ ಕೆಲಸ ಆಯ್ತು ಅಂತ ತಿಳಿ. ನಮ್ಮ ಅಳಿಯನ ಪರವಾಗಿ ನಾನು ಮಾತು ಕೊಡ್ತಾ ಇದ್ದೀನಿ."

"ಮಾವ," ಫವ್ವಾಜ್ ಸಣ್ಣ ದನಿಯಲ್ಲಿ ಅಂದರು, "ಮೊದಲು ಏನು ಕೇಳ್ತಾರೆ ಅಂತ..."

"ಕೇಳಿ ಕೊಡೋದು ಅಂಗಡಿಯವನು." ಹಾಜಿ ತಿರುಗಿಯೂ ನೋಡಲಿಲ್ಲ. "ಇಂಥದ್ದೇ ಒಂದು ಬಟ್ಟಲಿಗೆ ನಾನು ನೀರಿನ ಊಟೆಯ ಪಕ್ಕದ ಆಲಿವ್ ತೋಟ ಬಿಟ್ಟುಕೊಟ್ಟೆ. ನಿಮ್ಮಮ್ಮ ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದಳು. ತೋಟ ವಾಪಸು ಕೇಳಿದೆನಾ? ಹೇಳು, ಕೇಳಿದೆನಾ?"

"ಇಲ್ಲ ಮಾವ."

"ಹೂಂ."

ರುಬಾ ಎಳೆದುಕೊಂಡ ಉಸಿರು ಒಳಗೇ ಉಳಿಯಿತು. ಈಗ ಹೊಟ್ಟೆಹುಣ್ಣು ಎಂದರೆ ಹಾಜಿ ಮುತ್ಲಕ್ ಎಪ್ಪತ್ತು ಜನರೆದುರು ನಗೆಪಾಟಲಾಗುತ್ತಾರೆ. ಅವಳು ಸುಮ್ಮನಿರಲು ಇದು ಮೊದಲ ಕಾರಣ. ಎರಡನೆಯ ಕಾರಣವೇ ನಿಜವಾದ ಕಾರಣ. ಕೇಳಿದ್ದು ಸಿಗುತ್ತದೆ. ಅತಿಥಿ ಬಂದಿರುವುದು ಒಪ್ಪಂದಕ್ಕೆ. ಅವಳು ಬಾಯಿ ಬಿಟ್ಟು ಕೇಳಿದರೆ ಫವ್ವಾಜರು ಇಲ್ಲೇ ಸಹಿ ಹಾಕಬೇಕು. ಸಮಿತಿಯಿಲ್ಲ, ಪರಿಶೀಲನೆಯಿಲ್ಲ. ಸೆಪ್ಟೆಂಬರು ಗುಡಾರದ ಬಾಗಿಲಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಬಂದು ನಿಂತ ಹಾಗಾಯಿತು.

ಅವಳು ಬೊಗುಮಿಲಾಳ ಕಡೆ ಬಗ್ಗಿದಳು.  "ಪ್ರೊಫೆಸರ್, ಈಗ ನೀವು ಏನು ಬೇಕಾದರೂ ಕೇಳಬಹುದು. ಕೊಡ್ತೀವಿ ಅಂತ ಮಾತು ಕೊಟ್ಟಿದ್ದಾರೆ."

"ಏನು ಬೇಕಾದರೂ?"

"ಹೂಂ. ಕೊಟ್ಟ ಮೇಲೆ ವಾಪಸು ತಗೊಳ್ಳೋ ಹಾಗಿಲ್ಲ. ಯಾರಿಂದಲೂ ಆಗಲ್ಲ." ಹೇಳುತ್ತ ತೊಡೆಯ ಮೇಲಿದ್ದ ನವೀಕರಣದ ಕಡತವನ್ನು ಎರಡು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಸರಿಸಿದಳು. ಇದನ್ನು ಕೇಳಿ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಅಷ್ಟು ದೂರದಿಂದ ಅದಕ್ಕೇ ಬಂದವರಿಗೆ ಇನ್ನೇನು ಹೇಳುವುದು?

ಬೊಗುಮಿಲಾ ಕಡತ ನೋಡಿದಳು. ಕುಲಪತಿಗಳನ್ನು ನೋಡಿದಳು. ಪಡಸಾಲೆಯಲ್ಲಿ ಬರುವಾಗ ಕಂಡ ಅರವತ್ತೊಂದು ಚಿತ್ರಗಳು ನೆನಪಾದವೋ ಏನೋ, ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಆಮೇಲೆ ಎದ್ದು ನಿಂತಳು. ಅವಳ ತಲೆ ಗುಡಾರಕ್ಕೆ ತಾಗಿತು. ಮೆಲುದನಿಯಲ್ಲಿ, ಒಂದೊಂದೇ ವಾಕ್ಯ ಬಿಡಿಸಿ ಹೇಳತೊಡಗಿದಳು. ರುಬಾಳ ನಲ್ಲಿ ತಿರುಗಿತು.

"ಇಪ್ಪತ್ತೆಂಟು ವರ್ಷದಿಂದ ನಾನು ಬೇರೆ ಬೇರೆ ದೇಶದವರೊಂದಿಗೆ ಕೂಡಿ ಕೆಲಸ ಮಾಡುತ್ತಿದ್ದೇನೆ," ಎಂದು ಅನುವಾದಿಸಿದಳು ರುಬಾ. "ಸಹಿ ಹಾಕಿದ ಕಾಗದಗಳು ನನ್ನ ಹತ್ತಿರ ಒಂದು ಕಪಾಟಿನಷ್ಟಿವೆ. ಸಹಿಯಿಂದ ಯಾವುದೂ ಬದುಕಲಿಲ್ಲ. ಒಂದು ಕಡೆ ಪತ್ರ ಬರೆದರೆ ಅಲ್ಲಿಯವರು ವರ್ಗವಾಗಿದ್ದರು. ಇನ್ನೊಂದು ಕಡೆ ಹೊಸದಾಗಿ ಬಂದವರು ನೀವು ಯಾರು ಎಂದು ಕೇಳಿದರು."

ಹಿರಿಯರು ತಲೆದೂಗಿದರು. ಒಳ್ಳೆಯ ಮಾತು ಎಲ್ಲಿಂದ ಬಂದರೂ ಗುಡಾರದಲ್ಲಿ ಅದಕ್ಕೆ ಬೆಲೆಯಿತ್ತು.

"ಇಲ್ಲಿ ಮಾತ್ರ ಮೂರು ವರ್ಷ, ಬರೆದ ಮರುದಿನ ಬೆಳಿಗ್ಗೆ ಉತ್ತರ ಬಂದಿದೆ. ತೊಟ್ಟಿಯಲ್ಲಿ ನೀರು ಎಷ್ಟಿದೆ ಎಂದು ಕೇಳಿದರೆ, ಯಾರನ್ನೋ ಕಳಿಸದೆ, ತಾನೇ ಹೋಗಿ ಕೋಲು ಅದ್ದಿ ಅಳೆದು ಬರೆದವರಿದ್ದಾರೆ. ನೀವು ಹೊಸ ಕಾಗದಕ್ಕೆ ಸಹಿ ಹಾಕಿದರೂ ಹಾಕದಿದ್ದರೂ ಅಂಥವರೊಬ್ಬರು ಇದ್ದರೆ ಕೆಲಸ ನಡೆಯುತ್ತದೆ. ಇಲ್ಲದಿದ್ದರೆ ಇಲ್ಲ. ಆದ್ದರಿಂದ ನಾನು ಕೇಳುವುದು ಒಂದೇ."

ಬೊಗುಮಿಲಾ ಕೈ ಚಾಚಿ ಪಕ್ಕದಲ್ಲಿದ್ದ ರುಬಾಳನ್ನು ತೋರಿಸಿದಳು. ಒಳ್ಳೆಯ ಅನುವಾದಕಿಯಾದ್ದರಿಂದ ರುಬಾಳೂ ಕೈಯೆತ್ತಿ ರುಬಾಳನ್ನು ತೋರಿಸಿದಳು.

"ಮುಂದಿನ ಐದು ವರ್ಷ ಈ ಹುಡುಗಿಯನ್ನು ಈ ಕಚೇರಿಯ ಕುರ್ಚಿಯಿಂದ ಎಲ್ಲಿಗೂ ಕಳಿಸಬಾರದು."

ವಾಕ್ಯ ಪೂರ್ತಿ ಹೊರಬಿದ್ದು, ಪೂರ್ಣವಿರಾಮವೂ ಬಿದ್ದ ಮೇಲೆ ಅದರ ಅರ್ಥ ಅವಳಿಗೆ ತಿಳಿಯಿತು.

ಗುಡಾರದಲ್ಲಿ ಉಸಿರು ಬಿಟ್ಟ ಸದ್ದು ಕೇಳಿಸಿತು. ಎಲ್ಲಕ್ಕಿಂತ ದೊಡ್ಡದು ಕುಲಪತಿಗಳದು.

"ಇಷ್ಟೇನಾ?" ಹಾಜಿ ಮುತ್ಲಕ್ ತೊಡೆ ತಟ್ಟಿದರು. "ಒಂದು ಹುಡುಗಿ ಒಂದು ಕುರ್ಚಿ ಮೇಲೆ ಕೂತಿರಬೇಕು ಅಂತ ಕೇಳೋಕೆ ಪೋಲೆಂಡಿನಿಂದ ಬಂದಳಾ! ಕೊಟ್ಟೆ. ಐದು ವರ್ಷ. ನನ್ನ ಗಡ್ಡದ ಮೇಲೆ ಆಣೆ."

"ಇವತ್ತಿಂದಲೇ ಕಾಯಂ!" ಫವ್ವಾಜರು ಪ್ರಯೋಗಾಲಯ ಉಳಿದ ಸಂತೋಷಕ್ಕೆ ಎದ್ದೇ ನಿಂತರು. "ಹಿಕ್ಮತ್, ಆದೇಶ ಸಿದ್ಧಮಾಡಿ!"

"ಅದರ ಜೊತೆ ಆ ಕಾಗದಕ್ಕೂ ಸಹಿ ಹಾಕು," ಅಂದರು ಹಾಜಿ. "ಹುಡುಗಿ ಕುರ್ಚಿ ಮೇಲೆ ಕೂತು ಏನು ನೊಣ ಹೊಡೀತಾಳಾ? ಕೆಲಸ ಬೇಕಲ್ಲ."

ಕುಲಪತಿಗಳು ಹತ್ತಿರ ಬಂದು ಬಗ್ಗಿ, ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿಯೇಬಿಟ್ಟರು. ರುಬಾ ಮೂರು ವಾರದಿಂದ ಯಾವುದಕ್ಕಾಗಿ ನಿದ್ದೆಗೆಟ್ಟಿದ್ದಳೋ ಆ ಸಹಿ, ಅವಳ ತೊಡೆಯ ಮೇಲಿದ್ದ ಕಡತದ ಮೇಲೆಯೇ, ಮೂರು ಸೆಕೆಂಡಿನಲ್ಲಿ ಬಿತ್ತು.

"ತಡೀರಿ, ಹುಡುಗಿಯನ್ನೂ ಒಂದು ಮಾತು ಕೇಳಬೇಕು," ಅಂದರು ಹಾಜಿ. ಅವರು ನ್ಯಾಯಸ್ಥರು. "ಮಗಳೇ, ನಿನಗೆ ಒಪ್ಪಿಗೆ ತಾನೆ?"

ಎಪ್ಪತ್ತು ಮುಖ ಅವಳ ಕಡೆ ತಿರುಗಿದವು. ರುಬಾಳ ಕಿವಿ ಕೆಂಪಾಯಿತು, ಕತ್ತು ಕೆಂಪಾಯಿತು. ಅವಳು ಕಡತ ಕೆಳಗಿಟ್ಟು ಎದ್ದು, ಕಂಬಳಿಯ ಅಂಚಿನ ಗೊಂಡೆಗಳನ್ನು ನೋಡುತ್ತ ನಿಂತಳು.

"ನೋಡಿದಿರಾ? ಒಳ್ಳೆ ಮನೆ ಹುಡುಗಿ. ಬಾಯಿ ಬಿಟ್ಟು ಹೂಂ ಅನ್ನಲ್ಲ," ಹಾಜಿ ಸಂತೋಷದಿಂದ ಸುತ್ತ ನೋಡಿದರು. "ಒಪ್ಪಿದಳು. ಕುಡಿ ತಾಯಿ, ಇನ್ನು ಕುಡಿ!"

ಬೊಗುಮಿಲಾ ಬಟ್ಟಲು ಕೈಗೆತ್ತಿಕೊಂಡಳು. ರುಬಾ ಅವಳ ಮೊಣಕೈ ಹಿಡಿದಳು. "ಬೇಡ ಪ್ರೊಫೆಸರ್, ನಿಮ್ಮ ಹೊಟ್ಟೆ..." ಕುಡಿಯದಿದ್ದರೆ ಮಾತು ಗಟ್ಟಿಯಾಗುವುದಿಲ್ಲವೆಂಬ ಒಂದು ಎಳೆ ಆಸೆಯೂ ಆ ಹಿಡಿತದಲ್ಲಿತ್ತು.

ಬೊಗುಮಿಲಾಳ ಕಣ್ಣು ಒದ್ದೆಯಾಗಿತ್ತು. "ಮೂರು ವರ್ಷದಿಂದ ತಾತ್ಕಾಲಿಕ ಅಂತ ಇಟ್ಟಿದ್ದರಲ್ಲ ನಿನ್ನ? ನನಗೆ ಗೊತ್ತು. ನೀನಾಗಿ ಯಾವತ್ತೂ ಕೇಳುವವಳಲ್ಲ. ನಿನಗೋಸ್ಕರ ಒಂದು ಗುಟುಕು ನೋವು ತಡ್ಕೋತೀನಿ." ಅಷ್ಟು ಹೇಳಿ, ಕಣ್ಣು ಮುಚ್ಚಿ, ಒಂದೇ ಏಟಿಗೆ ಕುಡಿದು, ಬಟ್ಟಲನ್ನು ಎಲ್ಲರಿಗೂ ಕಾಣುವ ಹಾಗೆ ಬೋರಲು ಹಿಡಿದಳು. ಹೊಟ್ಟೆಯ ಮೇಲೆ ಕೈ ಹೋಯಿತು. ಉಮ್ಮ್ ಕುಸೈ ಪರದೆಯಾಚೆಯಿಂದ ನಾಲಿಗೆ ಹೊರಳಿಸಿ ಮದುವೆಮನೆಯ ಉಲಿ ಎಬ್ಬಿಸಿದಳು. ಯಾಕೆಂದು ಆಕೆಗೂ ಗೊತ್ತಿರಲಿಲ್ಲ.

"ಇನ್ನು ವಿದ್ಯಾರ್ಥಿಯ ಹೆಸರು!" ಹಿಕ್ಮತ್ ಈಗ ಹೂವಿನಂತೆ ಅರಳಿದ್ದರು. ನಕ್ಷೆ ಯಾರೂ ಕೇಳಿರಲಿಲ್ಲ. ಬೊಗುಮಿಲಾ ತನ್ನ ಚೀಲದಿಂದ ಅಂಟಿಸಿದ ಲಕೋಟೆ ತೆಗೆದು ಕೊಟ್ಟಳು. ಹಿಕ್ಮತ್ ಹರಿದು, ಗಂಟಲು ಸರಿಮಾಡಿಕೊಂಡು, ದೊಡ್ಡ ದನಿಯಲ್ಲಿ ಓದಿದರು. "ಆಯ್ಕೆಯಾದವರು: ಕುಮಾರಿ ರುಬಾ..."

ಅಲ್ಲಿಗೆ ನಿಂತರು. ಕಾಗದವನ್ನು ತಿರುಗಿಸಿ ಹಿಂದೆ ನೋಡಿದರು, ಅಲ್ಲಿ ಬೇರೆ ಯಾರಾದರೂ ಇದ್ದಾರೇನೋ ಎಂಬಂತೆ.

"ನಮ್ಮ ರುಬಾನೇ," ಅಂದರು ಕ್ಷೀಣವಾಗಿ. "ಸಮಸ್ಯೆ ಏನೂ ಇಲ್ಲ."

ಬೊಗುಮಿಲಾಳಿಗೆ ಹೆಸರು ಮಾತ್ರ ಅರ್ಥವಾಯಿತು. ಅಷ್ಟೇ ಸಾಕಾಯಿತು. ಹೊಟ್ಟೆ ಹಿಡಿದುಕೊಂಡೇ ಕೂತುಬಿಟ್ಟಳು. "ನೀನಾ? ಅದು ನೀನಾ? ದಿನಾ ಪತ್ರ ಬರೀತಿದ್ದೆ. ಒಂದು ಸಾಲು ಹೇಳಬಾರದಿತ್ತಾ, ಹುಡುಗಿ?" ಆಮೇಲೆ ಹಾಜಿಯತ್ತ ತಿರುಗಿ ಕೈಯಾಡಿಸಿದಳು. ಬೇಡ, ವಾಪಸು, ನನ್ನ ಮಾತು ವಾಪಸು. ಅದನ್ನು ಅನುವಾದಿಸಬೇಕಾಗಿರಲಿಲ್ಲ.

ಹಾಜಿ ಮುತ್ಲಕರ ಮುಖ ಗಂಭೀರವಾಯಿತು. ಅವರು ಬರಿದಾದ ಬಟ್ಟಲಿನ ಕಡೆ ನೋಡಿದರು.

"ಕುಡಿದಾಯ್ತಲ್ಲ ತಾಯಿ," ಅಂದರು, ಮಗುವಿಗೆ ಹೇಳುವ ಹಾಗೆ. "ಕುಡಿದ ಮೇಲೆ ನಾನು ಕೊಟ್ಟಿಲ್ಲ ಅಂತ ಹೇಗೆ ಹೇಳಲಿ? ನೀನು ಕೇಳಿಲ್ಲ ಅಂತ ಹೇಗೆ ಹೇಳ್ತೀಯ? ತೋಟ ಹೋದಾಗ ನನಗೂ ಹೊಟ್ಟೆ ಉರೀತು. ಮಾತು ಅಂದರೆ ಅದೇ." ಹಿಕ್ಮತ್‌ರತ್ತ ತಿರುಗಿದರು. "ಆ ಹೆಸರಿನ ಕೆಳಗೆ ಇನ್ನೊಂದು ಇರಬೇಕಲ್ಲ?"

ಹಿಕ್ಮತ್ ಓದಿದರು. "ಇವರು ಹೋಗದಿದ್ದಲ್ಲಿ... ಕುಸೈ."

ಪರದೆಯಾಚೆಯಿಂದ ಮತ್ತೆ ಉಲಿ ಎದ್ದಿತು. ಈ ಸಲದ ಉಲಿಗೆ ಕಾರಣ ಕುಸೈಯ ತಾಯಿಗೆ ಚೆನ್ನಾಗಿ ಗೊತ್ತಿತ್ತು. ಗುಡಾರದ ಗೂಟ ಅಲ್ಲಾಡಿತು. ಕುಸೈಯ ಅರ್ಜಿಯನ್ನು ಮೊದಲಿಂದ ಕೊನೆಯ ತನಕ ತಿದ್ದಿ ಬರೆದುಕೊಟ್ಟವಳು ರುಬಾಳೇ. ಉಮ್ಮ್ ಕುಸೈ 'ನಿನ್ನ ಅಕ್ಷರ ಚೆನ್ನಾಗಿದೆ ಕಣೇ' ಎಂದಿದ್ದಕ್ಕೆ, ಆಗುವುದಿಲ್ಲ ಎನ್ನಲಾರದೆ.

"ಅದಾಯ್ತಲ್ಲ, ಯಾರಿಗೂ ನಷ್ಟವಿಲ್ಲ," ಫವ್ವಾಜರು ಕೈ ಉಜ್ಜಿದರು. "ಊಟ ಆರ್ತಾ ಇದೆ."

ಮನ್ಸಫಿನ ಹರಿವಾಣಗಳು ಗುಡಾರದ ಬಾಗಿಲಿಗೆ ಬಂದವು. ಹುಳಿಮಜ್ಜಿಗೆಯ ಹಬೆ ಒಳಗೆ ನುಗ್ಗಿತು. ಜನ ತೋಳು ಮಡಿಸುತ್ತ ಎದ್ದರು. ಬೊಗುಮಿಲಾ ಮಾತ್ರ ಎದ್ದಿರಲಿಲ್ಲ. ರುಬಾಳ ಕೈ ಹಿಡಿದು, ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ಹಾಜಿ ಮುತ್ಲಕ್ ಕೋಲೂರಿ ಏಳುತ್ತ ಅದನ್ನು ನೋಡಿದರು.

"ಅಳಬೇಡ ತಾಯಿ," ಅಂದರು ಅವಳಿಗೆ. "ಹುಡುಗಿಗೇನೂ ಬೇಜಾರಿಲ್ಲ. ನೋಡು, ಹೇಗೆ ಸುಮ್ಮನೆ ನಿಂತಿದ್ದಾಳೆ. ಅವಳು ಇಲ್ಲೇ ಖುಷಿಯಾಗಿರ್ತಾಳೆ. ಇದನ್ನ ಅವರ ಭಾಷೇಲಿ ಹೇಳು ಮಗಳೇ."

ಬೊಗುಮಿಲಾ ಮುಖವೆತ್ತಿ ಕಾದಳು. ಹಾಜಿ ಕಾದರು. ರುಬಾ ಅನುವಾದಿಸಲು ಬಾಯಿ ತೆರೆದಳು. ಆ ವಾಕ್ಯ ಬರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ, ಯಾರದೋ ಮಾತು ಅವಳ ಗಂಟಲಲ್ಲಿ ನಿಂತುಬಿಟ್ಟಿತು.

ಅವಳು ಅತಿಥಿಯ ಕಡೆಯಿಂದ ತಿರುಗಿದಳು. ಹಾಜಿ ಮುತ್ಲಕರ ಕಣ್ಣನ್ನೇ ನೋಡಿದಳು. ಹರಿವಾಣದ ಸುತ್ತ ಕೈಯಿಕ್ಕಲು ಬಗ್ಗಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅವಳ ದನಿ ಬಂತು.

"ಬೇಜಾರಿದೆ. ನನಗೆ ಹೋಗಬೇಕು."